ಗಿಣ್ಣಿನ ನಾಡಿನಲ್ಲಿ ಚೀಸ್‌ನ ಕನಸು

ಹಸು ಕರು ಹಾಕಿದ ಸುದ್ದಿ ಊರಿನಲ್ಲಿ ಹರಡಲು ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ. ಎರಡನೆಯ ದಿನವೋ ಮೂರನೆಯ ದಿನವೋ ಆ ಮನೆಯಿಂದ ಒಂದು ಚೊಂಬು ಗಿಣ್ಣದ ಹಾಲು ಪಕ್ಕದ ಮನೆಗೆ ಬರುತ್ತದೆ. ಬೆಲ್ಲ, ಏಲಕ್ಕಿ ಹಾಕಿ ಹಬೆಯಲ್ಲಿ ಬೇಯಿಸಿದರೆ ಗಿಣ್ಣು ಸಿದ್ಧ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಹಳ್ಳಿಗಳಲ್ಲಿ ಗಿಣ್ಣನ್ನು ಮಾರುವುದಕ್ಕಿಂತ ಹಂಚುವುದೇ ಹೆಚ್ಚು.

ಇಂಗ್ಲಿಷ್-ಕನ್ನಡ ನಿಘಂಟನ್ನು ತೆರೆದು 'ಚೀಸ್' ಎಂಬ ಪದವನ್ನು ಹುಡುಕಿದರೆ ಎದುರಿಗೆ ಕಾಣುವುದೂ ಇದೇ 'ಗಿಣ್ಣು'. ಚೀಸ್ ಕಂಡಿರದ ನಾಡಿಗೆ ಅದನ್ನು ಪರಿಚಯಿಸಲು ನಿಘಂಟುಕಾರರು ಹತ್ತಿರದ ತಿನಿಸೊಂದರ ಹೆಸರನ್ನು ಎರವಲು ಪಡೆದರು. ನೋಡಲು ಎರಡೂ ಒಂದೇ ಬಗೆ: ಹಾಲಿನಿಂದಾದ ಗಟ್ಟಿ ಪದಾರ್ಥ. ಆದರೆ ಆಗುವ ಬಗೆ ಬೇರೆ. ಕರು ಹಾಕಿದ ಮೊದಲ ಕೆಲವು ದಿನಗಳ ಹಾಲಿನಲ್ಲಿ ಕರುವಿಗೆ ರೋಗನಿರೋಧಕ ಶಕ್ತಿ ಕೊಡುವ ವಿಶೇಷ ಪ್ರೋಟೀನುಗಳು ಹೇರಳವಾಗಿರುತ್ತವೆ. ಬಿಸಿ ತಾಗಿದೊಡನೆ ಅವು ಮೊಟ್ಟೆಯ ಬಿಳಿಯಂತೆ ಗಟ್ಟಿಯಾಗುತ್ತವೆ. ಹೆಪ್ಪು ಬೇಡ, ಹುಳಿ ಬೇಡ. ಚೀಸ್ ಆಗುವುದು ದಿನನಿತ್ಯದ ಹಾಲಿನಲ್ಲಿರುವ 'ಕೇಸೀನ್' ಎಂಬ ಬೇರೆಯದೇ ಪ್ರೋಟೀನಿನಿಂದ. ಅದು ಬರಿಯ ಬಿಸಿಗೆ ಜಗ್ಗುವುದಿಲ್ಲ. ಹುಳಿಗೋ ಕಿಣ್ವಕ್ಕೋ ಮಾತ್ರ ಬಗ್ಗುತ್ತದೆ.

ಈ ವ್ಯತ್ಯಾಸ ಇಂದು ಬರಿಯ ನಿಘಂಟಿನ ವಿಷಯವಾಗಿ ಉಳಿದಿಲ್ಲ. ಮನೆಯ ಕೊಟ್ಟಿಗೆಯಲ್ಲಿ ನಾಲ್ಕೈದು ಸೀಮೆಹಸು ಕಟ್ಟಿಕೊಂಡು, ದಿನಕ್ಕೆರಡು ಬಾರಿ ಡೇರಿಗೆ ಹಾಲು ಹಾಕುವ ಕುಟುಂಬಗಳ ಓದಿದ ಮಕ್ಕಳು 'ಹಾಲನ್ನು ಹಾಲಾಗಿಯೇ ಏಕೆ ಮಾರಬೇಕು? ಚೀಸ್ ಮಾಡಿ ಬೆಂಗಳೂರಿಗೆ ಕಳಿಸಿದರೆ ಹೇಗೆ?' ಎಂದು ಕೇಳತೊಡಗಿದ್ದಾರೆ. ಪ್ರಶ್ನೆ ಸರಿಯಾದುದೇ. ಉತ್ತರಕ್ಕೆ ಮುನ್ನ ಸ್ವಲ್ಪ ಇತಿಹಾಸ, ಸ್ವಲ್ಪ ವಿಜ್ಞಾನ, ಒಂದಿಷ್ಟು ಲೆಕ್ಕ ಅಗತ್ಯ.

ಉಕ್ಕುವ ಹಾಲು, ಒಡೆಯುವ ಹಾಲು

ನಮ್ಮ ಸಂಸ್ಕೃತಿಯಲ್ಲಿ ಹಾಲು ಉಕ್ಕುವುದು ಶುಭ, ಒಡೆಯುವುದು ಅಶುಭ. ಗೃಹಪ್ರವೇಶದ ದಿನ ಹೊಸ ಒಲೆಯ ಮೇಲೆ ಹಾಲು ಉಕ್ಕಿಸುತ್ತೇವೆ. ಅದೇ ಹಾಲು ಒಡೆದರೆ ಮನೆಯ ಹಿರಿಯರ ಮುಖ ಬಾಡುತ್ತದೆ. ಮನಸ್ಸು ಮುರಿದುದನ್ನೂ ಒಡೆದ ಹಾಲಿಗೆ ಹೋಲಿಸುವವರು ನಾವು. ಚೀಸ್ ತಯಾರಿಕೆಯ ಮೊದಲ ಹೆಜ್ಜೆಯೇ ಹಾಲನ್ನು ಬೇಕೆಂದೇ ಒಡೆಯುವುದಾದ್ದರಿಂದ ಅದು ಇಲ್ಲಿ ಬೇರೂರದೆ ಹೋದುದಕ್ಕೆ ಈ ಭಾವನೆಯೂ ಒಂದು ಕಾರಣವಿರಬಹುದು.

ಹಾಗೆಂದು ಕನ್ನಡ ನಾಡಿಗೆ ಹಾಲು ಒಡೆಯುವ ವಿದ್ಯೆ ತಿಳಿದೇ ಇರಲಿಲ್ಲವೆಂದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದ ಮೊದಲಾರ್ಧದಲ್ಲಿ ರಚಿಸಿದ ಸಂಸ್ಕೃತ ವಿಶ್ವಕೋಶ 'ಮಾನಸೋಲ್ಲಾಸ'ದ ಅಡುಗೆಯ ಭಾಗದಲ್ಲಿ ಇದರ ವಿವರಣೆ ಇದೆ. ಕಾಯಿಸಿದ ಹಾಲಿಗೆ ಹುಳಿ ಸೇರಿಸಿ ಒಡೆಯುವುದು, ಬಟ್ಟೆಯಲ್ಲಿ ನೀರು ಬಸಿಯುವುದು, ಉಳಿದ ಮುದ್ದೆಗೆ ಅಕ್ಕಿಹಿಟ್ಟು ಬೆರೆಸಿ ಕರಿದು ಸಿಹಿ ಮಾಡುವುದು ಅದರ ಕ್ರಮ. ಅದೇ ಕಾಲದಲ್ಲಿ, ಆ ಚಾಲುಕ್ಯರ ಸಾಮಂತನೆನಿಸಿದ್ದ ಹೊಯ್ಸಳ ವಿಷ್ಣುವರ್ಧನ 1117ರಲ್ಲಿ ಬೇಲೂರಿನ ಚೆನ್ನಕೇಶವನನ್ನು ಪ್ರತಿಷ್ಠಾಪಿಸಿ ಹಾಸನ ಸೀಮೆಯನ್ನು ಆಳುತ್ತಿದ್ದ. ಇಂದು ನಾವು ಪನೀರ್ ಎನ್ನುವ ಪದಾರ್ಥದ ಹತ್ತಿರದ ಬಂಧು ಒಂಬತ್ತು ಶತಮಾನಗಳ ಹಿಂದೆಯೇ ಕನ್ನಡ ಅರಸನ ಪಾಕಶಾಲೆಯಲ್ಲಿತ್ತು ಎನ್ನಬಹುದು.

ಆದರೂ ಅದು ಜನಸಾಮಾನ್ಯರ ಅಡುಗೆಮನೆಗೆ ಇಳಿಯಲಿಲ್ಲ. ಯುರೋಪಿನಲ್ಲಿ ಚೀಸ್ ಹುಟ್ಟಿದ್ದು ರುಚಿಗಿಂತ ಹೆಚ್ಚಾಗಿ ಅಗತ್ಯಕ್ಕಾಗಿ. ಬೇಸಿಗೆಯಲ್ಲಿ ಹೆಚ್ಚಾದ ಹಾಲನ್ನು ಮೇವಿಲ್ಲದ ಚಳಿಗಾಲಕ್ಕೆ ಕಾಪಿಡುವ ಉಪಾಯ ಅದು. ನಮ್ಮಲ್ಲಿ ಆ ಕೆಲಸವನ್ನು ತುಪ್ಪ ಮಾಡಿತು. ಹಾಲು ಮೊಸರಾಗಿ, ಮೊಸರು ಬೆಣ್ಣೆಯಾಗಿ, ಬೆಣ್ಣೆ ತುಪ್ಪವಾಗಿ ತಿಂಗಳುಗಟ್ಟಲೆ ಉಳಿಯುತ್ತಿತ್ತು. ಉಳಿದ ಮಜ್ಜಿಗೆ ಬಿಸಿಲಿಗೆ ತಂಪೆರೆಯುತ್ತಿತ್ತು. ತಂಪು ನೆಲಮಾಳಿಗೆಯಿಲ್ಲದ ನಾಡಿನಲ್ಲಿ ಚೀಸ್ ಮಾಗಿಸುವ ಮಾತೂ ಕಷ್ಟವೇ.

ಇನ್ನೊಂದು ಕಾರಣ ದನಗಳದು. ಹಾಸನ ಸೀಮೆಯ ಹೆಮ್ಮೆಯ ಹಳ್ಳಿಕಾರ್ ಮತ್ತು ಅಮೃತಮಹಲ್ ತಳಿಗಳು ಹೆಸರಾದದ್ದು ಹಾಲಿಗಲ್ಲ, ಎತ್ತುಗಳ ಬಲಕ್ಕೆ. ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದ 'ಬೆಣ್ಣೆ ಚಾವಡಿ' ಟಿಪ್ಪುವಿನ ಕಾಲಕ್ಕೆ 'ಅಮೃತಮಹಲ್' ಎನಿಸಿತು. ಹೆಸರಿನಲ್ಲಿ ಬೆಣ್ಣೆಯಿದ್ದರೂ ಅದರ ಎತ್ತುಗಳು ಎಳೆದದ್ದು ಫಿರಂಗಿಗಳನ್ನು. ಅರಕಲಗೂಡು ತಾಲ್ಲೂಕಿನ ರಾಮನಾಥಪುರ, ಚನ್ನರಾಯಪಟ್ಟಣ ತಾಲ್ಲೂಕಿನ ಬೂಕನಬೆಟ್ಟದ ದನಗಳ ಜಾತ್ರೆಗಳಲ್ಲಿ ಮೆರೆಯುವುದೂ ಜೋಡಿ ಎತ್ತುಗಳೇ. ಕರು ಕುಡಿದು ಉಳಿದ ಸೇರು ಹಾಲಿನಲ್ಲಿ ಚೀಸ್ ಮಾಡುವ ಯೋಚನೆ ಯಾರಿಗೆ ಬಂದೀತು?

ಡೇರಿ ಬಂದ ಮೇಲೆ

ಈ ಚಿತ್ರ ಬದಲಾದದ್ದು ಸಹಕಾರ ಚಳವಳಿಯಿಂದ. ರಾಜ್ಯದ ಮೊದಲ ಡೇರಿ 1955ರಲ್ಲಿ ಆರಂಭವಾದದ್ದು ಅರಕಲಗೂಡಿನ ಗಡಿಗೆ ದೂರವಲ್ಲದ, ಕೊಡಗಿನ ಕೂಡಿಗೆಯಲ್ಲಿ. 1974ರಲ್ಲಿ ವಿಶ್ವಬ್ಯಾಂಕ್ ನೆರವಿನೊಡನೆ ಕರ್ನಾಟಕ ಡೇರಿ ಅಭಿವೃದ್ಧಿ ನಿಗಮ ಬಂತು. 1984ರಲ್ಲಿ ಅದರ ಜಾಗಕ್ಕೆ ಕರ್ನಾಟಕ ಹಾಲು ಮಹಾಮಂಡಳ ಬಂತು. ಹಾಸನದ ಹಾಲು ಒಕ್ಕೂಟ ಹಾಸನದ ಜೊತೆಗೆ ಕೊಡಗು, ಚಿಕ್ಕಮಗಳೂರು ಜಿಲ್ಲೆಗಳ ಹಾಲನ್ನೂ ಸಂಗ್ರಹಿಸತೊಡಗಿತು. ಕೃತಕ ಗರ್ಭಧಾರಣೆಯಿಂದ ಕಪ್ಪು-ಬಿಳುಪಿನ ಎಚ್.ಎಫ್. ಮಿಶ್ರತಳಿ ಹಸುಗಳು ಕೊಟ್ಟಿಗೆ ತುಂಬಿದವು.

ಆಲೂಗಡ್ಡೆಗೆ ಅಂಗಮಾರಿ ರೋಗ ಬಂದಾಗ, ತೆಂಗಿಗೆ ನುಸಿಪೀಡೆ ತಗುಲಿದಾಗ, ಶುಂಠಿಯ ಬೆಲೆ ನೆಲಕಚ್ಚಿದಾಗ ಈ ಸೀಮೆಯ ಒಕ್ಕಲು ಮನೆಗಳನ್ನು ನಿಲ್ಲಿಸಿದ್ದು ಹಾಲಿನ ಬಟವಾಡೆ. ಅಂಗಡಿಯ ಸಾಲ, ಮಕ್ಕಳ ಶಾಲೆಯ ಶುಲ್ಕ, ಸ್ತ್ರೀಶಕ್ತಿ ಸಂಘದ ಕಂತು ಎಲ್ಲವೂ ಅದರ ಮೇಲೆಯೇ ನಿಂತಿವೆ. ಚೀಸ್ ಮಾಡಹೊರಡುವವರು ಮುಟ್ಟುತ್ತಿರುವುದು ಇಂಥ ಹಾಲನ್ನು ಎಂಬುದನ್ನು ಮರೆಯುವಂತಿಲ್ಲ.

ಮಾರುಕಟ್ಟೆಯ ಕಡೆಯಿಂದ ಬದಲಾವಣೆ ಬಂದದ್ದು 1990ರ ದಶಕದಲ್ಲಿ. 1996ರಲ್ಲಿ ಪಿಜ್ಜಾ ಹಟ್ ಕಂಪನಿ ಭಾರತದ ತನ್ನ ಮೊದಲ ಮಳಿಗೆಯನ್ನು ತೆರೆದದ್ದು ಬೆಂಗಳೂರಿನಲ್ಲಿ. ಅಲ್ಲಿಯವರೆಗೆ ಚೀಸ್ ಎಂದರೆ ತವರದ ಡಬ್ಬಿಯಲ್ಲಿ ಬರುತ್ತಿದ್ದ, ಕರಗಿಸಿ ಅಚ್ಚು ಹಾಕಿದ ಸಂಸ್ಕರಿತ ಚೀಸ್. ಪಿಜ್ಜಾ ಬಂದ ಮೇಲೆ ಎಳೆಎಳೆಯಾಗಿ ಎಳೆಯುವ 'ಮೊಝರೆಲ್ಲಾ' ಮನೆಮಾತಾಯಿತು. ಈಗ ಹಾಸನದ ಬೇಕರಿಗಳಲ್ಲೂ ಚೀಸ್ ಸ್ಯಾಂಡ್‌ವಿಚ್, ಗಾಡಿಗಳಲ್ಲಿ ಚೀಸ್ ದೋಸೆ ಅಪರೂಪವಲ್ಲ.

ಹೆಪ್ಪಿನಿಂದ ಅಚ್ಚಿನವರೆಗೆ

ಚೀಸ್ ತಯಾರಿಕೆಯ ಮೂಲತತ್ತ್ವ ಮೊಸರು ಮಾಡುವ ಗೃಹಿಣಿಗೆ ಅರ್ಧ ಗೊತ್ತಿರುವಂಥದೇ. ಹಾಲನ್ನು 63 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ನಿಮಿಷ ಕಾಯಿಸಿ, ನಂತರ ಸುಮಾರು 32 ಡಿಗ್ರಿಗೆ ಆರಿಸಬೇಕು. ಹಸಿ ಹಾಲಿನಿಂದ ಕ್ಷಯ, ಬ್ರುಸೆಲ್ಲಾದಂಥ ರೋಗಗಳು ಮನುಷ್ಯನಿಗೆ ದಾಟಬಹುದಾದ್ದರಿಂದ ಈ ಹೆಜ್ಜೆಯನ್ನು ಬಿಡುವಂತಿಲ್ಲ. ಹಾಲು ಕೊತಕೊತ ಕುದಿಯಲೂ ಬಾರದು. ಕುದಿದ ಹಾಲಿನ ಗಡ್ಡೆ ಸರಿಯಾಗಿ ಕಟ್ಟುವುದಿಲ್ಲ. ಬಳಿಕ ಹೆಪ್ಪು. ಇದು ಮನೆಯ ಹೆಪ್ಪಲ್ಲ, ಇಂಥದೇ ಬ್ಯಾಕ್ಟೀರಿಯಾ ಎಂದು ಆರಿಸಿ ಬೆಳೆಸಿ ಪುಡಿ ಮಾಡಿ ಮಾರುವ ಹೆಪ್ಪು. ಅದು ಹಾಲಿನ ಸಕ್ಕರೆಯನ್ನು ನಿಧಾನವಾಗಿ ಹುಳಿಯಾಗಿಸುತ್ತದೆ.

ಮುಂದಿನದು ರೆನ್ನೆಟ್ ಎಂಬ ಕಿಣ್ವ. ಮೂಲದಲ್ಲಿ ಇದನ್ನು ಹಾಲು ಕುಡಿಯುವ ಎಳೆಗರುವಿನ ನಾಲ್ಕನೆಯ ಹೊಟ್ಟೆಯಿಂದ ತೆಗೆಯುತ್ತಿದ್ದರು. ಕರು ಕುಡಿದ ಹಾಲು ಹೊಟ್ಟೆಯಲ್ಲಿ ಗಟ್ಟಿಯಾಗುವುದು ಇದರಿಂದಲೇ. ಶ್ರವಣಬೆಳಗೊಳದ ಜೈನರಿಗಿರಲಿ, ಗೋವನ್ನು ಪೂಜಿಸುವ ಯಾರಿಗೇ ಆಗಲಿ ಇದು ಒಪ್ಪುವ ಮಾತಲ್ಲ. ಅದೃಷ್ಟವಶಾತ್ ಶಿಲೀಂಧ್ರಗಳಿಂದ ಪಡೆದ ಸಸ್ಯಾಹಾರಿ ರೆನ್ನೆಟ್ ಹಲವು ದಶಕಗಳಿಂದ ಲಭ್ಯವಿದ್ದು, ಭಾರತದ ಹೆಚ್ಚಿನ ಚೀಸ್ ಅದರಿಂದಲೇ ತಯಾರಾಗುತ್ತದೆ. ಪೊಟ್ಟಣದ ಮೇಲಿನ ಹಸಿರು ಚುಕ್ಕೆಯೇ ಇದಕ್ಕೆ ಗುರುತು.

ರೆನ್ನೆಟ್ ಹಾಕಿ ಮುಕ್ಕಾಲು ಗಂಟೆ ಅಲುಗಿಸದೆ ಬಿಟ್ಟರೆ ಹಾಲು ಗಿಣ್ಣಿನಂತೆಯೇ ನಡುಗುವ ಗಡ್ಡೆಯಾಗುತ್ತದೆ. ಅದನ್ನು ಚಾಕುವಿನಿಂದ ಚೌಕಗಳಾಗಿ ಕತ್ತರಿಸಿ, ಮೆಲ್ಲಗೆ ಬಿಸಿಯೇರಿಸಿದರೆ ತುಂಡುಗಳು ಕುಗ್ಗಿ ನೀರು ಬಿಡುತ್ತವೆ. ಹಳದಿ-ಹಸಿರು ಬಣ್ಣದ ಈ ನೀರೇ ಹಾಲೊಡಕು. ಇಲ್ಲಿಂದ ದಾರಿಗಳು ಕವಲೊಡೆಯುತ್ತವೆ. ಹುಳಿ ತಕ್ಕ ಮಟ್ಟಕ್ಕೆ ಬಂದಾಗ ಗಡ್ಡೆಯನ್ನು 75-80 ಡಿಗ್ರಿಯ ಬಿಸಿನೀರಿನಲ್ಲಿ ನಾದಿ ಎಳೆದರೆ ಮೊಝರೆಲ್ಲಾ. ಒಂದು ಚೂರನ್ನು ಬಿಸಿನೀರಿಗೆ ಹಾಕಿ ಎಳೆದು ನೋಡುವುದೇ ಹಳೆಯ ಪರೀಕ್ಷೆ. ತುಂಡಾದರೆ ಇನ್ನೂ ಕಾಯಬೇಕು, ದಾರದಂತೆ ಬಂದರೆ ಸಮಯವಾಯಿತು. ಅದೇ ಗಡ್ಡೆಗೆ ಉಪ್ಪು ಬೆರೆಸಿ, ಅಚ್ಚಿಗೆ ತುಂಬಿ, ಭಾರ ಹೇರಿ ಒತ್ತಿ, 10-12 ಡಿಗ್ರಿಯ ತೇವದ ಕೋಣೆಯಲ್ಲಿ ತಿಂಗಳುಗಟ್ಟಲೆ ಮಾಗಿಸಿದರೆ ಚೆಡ್ಡಾರ್‌ನಂಥ ಗಟ್ಟಿ ಚೀಸ್.

ಹಾಲಿನ ಗುಟ್ಟು ಕೊಟ್ಟಿಗೆಯಲ್ಲಿ

ಕಲಿಯುವವರು ಸಾಮಾನ್ಯವಾಗಿ ಹೆಪ್ಪು, ರೆನ್ನೆಟ್, ಯಂತ್ರಗಳ ಬಗ್ಗೆ ಚಿಂತಿಸುತ್ತಾರೆ. ಸೋಲು ಮಾತ್ರ ಕೊಟ್ಟಿಗೆಯಿಂದಲೇ ಬರುವುದುಂಟು. ಮಿಶ್ರತಳಿ ಹಸುಗಳಿಗೆ ಕೆಚ್ಚಲು ಬಾವು ಬರುವುದು ಸಾಮಾನ್ಯ. ಅದಕ್ಕೆ ಕೊಟ್ಟ ಆ್ಯಂಟಿಬಯಾಟಿಕ್ ಔಷಧಿಯ ಅಂಶ ಕೆಲವು ದಿನ ಹಾಲಿನಲ್ಲಿ ಉಳಿಯುತ್ತದೆ. ರೋಗಾಣುವನ್ನು ಕೊಲ್ಲುವ ಔಷಧಿ ಹೆಪ್ಪಿನ ಬ್ಯಾಕ್ಟೀರಿಯಾವನ್ನೂ ಬಿಡುವುದಿಲ್ಲ. ಹಾಲು ಹುಳಿಯುವುದೇ ಇಲ್ಲ. ಆ ದಿನದ ಸರಕು ಪೂರ್ತಿ ನಷ್ಟ. ಚಿಕಿತ್ಸೆ ಪಡೆದ ಒಂದು ಹಸುವಿನ ಹಾಲು ಹತ್ತು ಹಸುಗಳ ಹಾಲನ್ನು ಕೆಡಿಸಬಲ್ಲದು.

ಇನ್ನೊಂದು ಸಂಗತಿ ರಸಮೇವು. ಮುಸುಕಿನ ಜೋಳ ಬೆಳೆಯುವ ಈ ಭಾಗದಲ್ಲಿ ಹಸಿರು ಜೋಳವನ್ನು ಕತ್ತರಿಸಿ, ಗಾಳಿಯಾಡದಂತೆ ತುಂಬಿ ರಸಮೇವು ಮಾಡುವವರು ಹೆಚ್ಚಿದ್ದಾರೆ. ಹಸುವಿಗೆ ಇದು ಒಳ್ಳೆಯದೇ. ಆದರೆ ಸರಿಯಾಗಿ ಮಾಡದ ರಸಮೇವಿನಲ್ಲಿ ಒಂದು ಜಾತಿಯ ಬ್ಯಾಕ್ಟೀರಿಯಾದ ಬೀಜಾಣುಗಳಿರುತ್ತವೆ. ಸಗಣಿ, ಕೆಚ್ಚಲುಗಳ ಮೂಲಕ ಅವು ಹಾಲಿಗೆ ಸೇರುತ್ತವೆ, ಕಾಯಿಸಿದರೂ ಸಾಯುವುದಿಲ್ಲ. ಮಾಗಲಿಟ್ಟ ಗಟ್ಟಿ ಚೀಸ್ ತಿಂಗಳುಗಳ ನಂತರ ಒಳಗಿನಿಂದ ಉಬ್ಬಿ ಬಿರುಕು ಬಿಡುತ್ತದೆ. ಇಟಲಿಯ ಪ್ರಸಿದ್ಧ ಪಾರ್ಮಿಜಾನೊ ರೆಜ್ಜಾನೊ ಚೀಸ್‌ಗೆ ಹಾಲು ಕೊಡುವ ಹಸುಗಳಿಗೆ ರಸಮೇವನ್ನೇ ನಿಷೇಧಿಸಿರುವುದು ಇದೇ ಕಾರಣಕ್ಕೆ. ಮಾಗಿಸಬೇಕಿಲ್ಲದ ಮೊಝರೆಲ್ಲಾದಲ್ಲಿ ಈ ಭಯವಿಲ್ಲ. ಆದ್ದರಿಂದಲೇ ಹೊಸಬರಿಗೆ ಅದೇ ಸೂಕ್ತ.

ಲೆಕ್ಕದ ಪುಸ್ತಕ

ಚನ್ನರಾಯಪಟ್ಟಣದ ಕಡೆಯ ಒಬ್ಬ ತರುಣ ದಿನಕ್ಕೆ 100 ಲೀಟರ್ ಹಸುವಿನ ಹಾಲಿನಿಂದ ಆರಂಭಿಸುತ್ತಾನೆ ಎಂದುಕೊಳ್ಳೋಣ. ಲೆಕ್ಕಕ್ಕಾಗಿ ಲೀಟರಿಗೆ 40 ರೂಪಾಯಿ ಹಿಡಿದರೆ ಹಾಲಿಗೇ 4,000 ರೂಪಾಯಿ. ಹಸುವಿನ ಹಾಲಿನಲ್ಲಿ ಸುಮಾರು 10 ಲೀಟರಿಗೆ 1 ಕಿಲೊ ಚೀಸ್ ಸಿಗುತ್ತದೆ. ಅಂದರೆ ಕಿಲೊ ಚೀಸ್‌ನಲ್ಲಿ ಹಾಲಿನ ಬೆಲೆಯೇ 400 ರೂಪಾಯಿ. ಸೌದೆಯೋ ಗ್ಯಾಸೋ, ವಿದ್ಯುತ್ತು, ಹೆಪ್ಪು, ಪೊಟ್ಟಣ, ಕೂಲಿ, ಸಾಗಣೆ ಇದರ ಮೇಲೆ. ದಿನಕ್ಕೆ ಲಕ್ಷಗಟ್ಟಲೆ ಲೀಟರ್ ಹಾಲು ಸಂಸ್ಕರಿಸುವ ದೊಡ್ಡ ಸಂಸ್ಥೆಗಳೊಡನೆ ಪಿಜ್ಜಾ ಅಂಗಡಿಯ ಸಾದಾ ಮೊಝರೆಲ್ಲಾಕ್ಕಾಗಿ ಬೆಲೆಯ ಪೈಪೋಟಿಗಿಳಿದರೆ ಸಣ್ಣವನು ಉಳಿಯುವುದು ಕಷ್ಟ.

ಗಟ್ಟಿ ಚೀಸ್‌ಗೆ ಹೆಚ್ಚು ಬೆಲೆಯುಂಟು ನಿಜ. ಆದರೆ ಆರು ತಿಂಗಳು ಮಾಗಿಸುವುದೆಂದರೆ 180 ದಿನಗಳ ಹಾಲಿನ ಹಣ, ಅಂದರೆ 7 ಲಕ್ಷ 20 ಸಾವಿರ ರೂಪಾಯಿ, ಒಂದು ರೂಪಾಯಿಯೂ ಹಿಂತಿರುಗದೆ ತಂಪು ಕೋಣೆಯಲ್ಲಿ ಕುಳಿತಿರುತ್ತದೆ. ಹಾಲು ಕೊಟ್ಟ ನೆರೆಯವರು ಆರು ತಿಂಗಳು ಬಟವಾಡೆಗೆ ಕಾಯುವುದಿಲ್ಲ. ಕರೆಂಟು ಹೋಗುವ ಹಳ್ಳಿಯಲ್ಲಿ ಆ ಕೋಣೆಯನ್ನು ತಂಪಾಗಿಡಲು ಜನರೇಟರೂ ಬೇಕು.

ಹಾಲು ಕೊಳ್ಳುವಲ್ಲೂ ಒಂದು ತೊಡಕಿದೆ. ರಾಜ್ಯ ಸರ್ಕಾರ 2008ರಲ್ಲಿ ಲೀಟರಿಗೆ 2 ರೂಪಾಯಿಯಂತೆ ಆರಂಭಿಸಿ ಮುಂದೆ 5 ರೂಪಾಯಿಗೆ ಏರಿಸಿದ ಪ್ರೋತ್ಸಾಹಧನ ಸಹಕಾರ ಸಂಘಕ್ಕೆ ಹಾಕಿದ ಹಾಲಿಗಷ್ಟೇ ದೊರೆಯುತ್ತದೆ. ಆದುದರಿಂದ ಖಾಸಗಿಯಾಗಿ ಕೊಳ್ಳುವವನು ಡೇರಿಯ ದರದ ಜೊತೆಗೆ ಇದನ್ನೂ ತುಂಬಿಕೊಡಬೇಕು. ಮೇಲಾಗಿ ಡೇರಿ ವರ್ಷವಿಡೀ, ಹಬ್ಬದ ದಿನವೂ ಹಾಲು ಕೊಳ್ಳುತ್ತದೆ. ಪಶು ಆಹಾರ, ವೈದ್ಯರು, ವಿಮೆಯ ನೆರವನ್ನೂ ಒದಗಿಸುತ್ತದೆ. ಅದನ್ನು ಬಿಟ್ಟು ಬಾ ಎಂದು ನೆರೆಮನೆಯ ಅಕ್ಕನನ್ನು ಕರೆಯುವ ಮುನ್ನ ಎರಡು ಬಾರಿ ಯೋಚಿಸಬೇಕು.

ಇನ್ನು ಹಾಲೊಡಕು. 100 ಲೀಟರ್ ಹಾಲಿಗೆ ಸುಮಾರು 90 ಲೀಟರ್ ಹಾಲೊಡಕು ಉಳಿಯುತ್ತದೆ. ಹಾಲಿನ ಸಕ್ಕರೆ ಬಹುಪಾಲು ಅದರಲ್ಲೇ ಇರುವುದರಿಂದ ಕೆರೆಗೋ ಹಳ್ಳಕ್ಕೋ ಬಿಟ್ಟರೆ ಅದು ಕೊಳೆತು ನೀರಿನ ಆಮ್ಲಜನಕವನ್ನೆಲ್ಲ ಹೀರಿ ಮೀನುಗಳನ್ನು ಕೊಲ್ಲುತ್ತದೆ. ಇದು ಚರಂಡಿ ನೀರಿಗಿಂತ ಎಷ್ಟೋ ಪಟ್ಟು ತೀವ್ರ. ಹೇಮಾವತಿ, ಕಾವೇರಿಯ ದಡದ ಹೊಳೆನರಸೀಪುರ, ಅರಕಲಗೂಡುಗಳಲ್ಲಿ ಇದು ಸಣ್ಣ ಮಾತಲ್ಲ. ಅದನ್ನೇ ಮತ್ತೆ ಕಾಯಿಸಿ ಇಟಲಿಯವರು 'ರಿಕೋಟಾ' ಮಾಡುತ್ತಾರೆ. ನಮ್ಮಲ್ಲಿ ಮಜ್ಜಿಗೆಯಂತೆ ಶುಂಠಿ, ಉಪ್ಪು ಬೆರೆಸಿ ಪಾನೀಯ ಮಾಡಬಹುದು, ಹಂದಿಗಳಿಗೆ ಕುಡಿಸಬಹುದು, ಹಿಟ್ಟು ಕಲಸಲು ಬಳಸಬಹುದು. ಯಾವುದಕ್ಕೆ ಎಂಬುದನ್ನು ಮೊದಲೇ ನಿರ್ಧರಿಸಿರಬೇಕು.

ತೆರಿಗೆಯ ಕಡೆಯಿಂದ ಮಾತ್ರ ಸ್ವಲ್ಪ ಸಮಾಧಾನವಿದೆ. 2025ರ ಸೆಪ್ಟೆಂಬರ್ 22ರಿಂದ ಚೀಸ್ ಮೇಲಿನ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿಯಿತು. ಪೊಟ್ಟಣದ ಪನೀರ್‌ಗೆ ಪೂರ್ತಿ ವಿನಾಯಿತಿ ಸಿಕ್ಕಿತು. ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿಯೋ ಪರವಾನಗಿಯೋ ಇಲ್ಲದೆ ಒಂದು ಕಿಲೊ ಕೂಡ ಮಾರುವಂತಿಲ್ಲ ಎಂಬುದು ನೆನಪಿರಲಿ.

ಸಣ್ಣವರು ಗೆದ್ದ ಬಗೆ

ಹಾಗಾದರೆ ಸಣ್ಣವರಿಗೆ ದಾರಿಯೇ ಇಲ್ಲವೇ? ಇದೆ, ನಿದರ್ಶನಕ್ಕೆ ದೂರ ಹೋಗಬೇಕಿಲ್ಲ. ಬೆಂಗಳೂರಿನ ವಲ್ಲೊಂಬ್ರೋಸಾ ಬೆನೆಡಿಕ್ಟೈನ್ ಮಠದ ಫಾದರ್ ಕೆ.ಎಲ್. ಮೈಕಲ್ ಇಟಲಿಯಲ್ಲಿ ಕಲಿತ ವಿದ್ಯೆಯಿಂದ ಇಟಾಲಿಯನ್ ಬಗೆಯ ತಾಜಾ ಚೀಸ್ ಮಾಡಿ ಹೋಟೆಲುಗಳಿಗೆ ಒದಗಿಸಿ ಹೆಸರಾದರು. ಪುದುಚೇರಿ ಬಳಿಯ ಆರೋವಿಲ್, ತಮಿಳುನಾಡಿನ ಕೊಡೈಕೆನಾಲ್ ಕೂಡ ಚೀಸ್‌ಗೆ ಹೆಸರಾದ ಊರುಗಳೇ. ಬಂಗಾಳದಲ್ಲಿ ಪೋರ್ಚುಗೀಸರ ಕಾಲದ ನೆನಪಾಗಿ ಬಾಂಡೆಲ್ ಚೀಸ್ ಉಳಿದಿದೆ. ಜಮ್ಮುವಿನ ಪಶುಪಾಲಕರ 'ಕಲಾರಿ' ಯಾರಿಂದಲೂ ಎರವಲು ತಂದುದಲ್ಲ.

ಇವುಗಳಲ್ಲಿ ಒಂದು ಸಮಾನ ಅಂಶವಿದೆ. ಯಾವುದೂ ದೊಡ್ಡ ಕಂಪನಿಯ ಅಗ್ಗದ ಸರಕನ್ನು ಮಾಡಹೋಗಲಿಲ್ಲ. ದೂರದಿಂದ ತಂದರೆ ಕೆಡುವ ತಾಜಾ ಚೀಸ್ ಅಥವಾ ಆ ಊರಿನದೇ ಆದ ಬಗೆ ಅವರ ಬಲ. ಹಾಸನದಿಂದ ಬೆಂಗಳೂರಿಗೆ ಸುಮಾರು 180 ಕಿಲೊಮೀಟರ್. 2017ರಲ್ಲಿ ಶ್ರವಣಬೆಳಗೊಳದ ಮೂಲಕ ರೈಲು ಮಾರ್ಗವೂ ಆರಂಭವಾಗಿದೆ. ಬೆಳಿಗ್ಗೆ ಕರೆದ ಹಾಲಿನ ಚೀಸ್ ಮರುದಿನ ಬೆಂಗಳೂರಿನ ಊಟದ ಮೇಜಿಗೆ ಬರಬಲ್ಲದು. ಸಕಲೇಶಪುರದ ಕಾಫಿ ತೋಟಗಳ ವಸತಿಗೃಹಗಳು ಇನ್ನೂ ಹತ್ತಿರ.

ಕಲಿಯಲು ಅವಕಾಶಗಳೂ ಇವೆ. 1923ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಇಂಪೀರಿಯಲ್ ಡೇರಿ ಸಂಸ್ಥೆಗೆ 1927ರಲ್ಲಿ ಗಾಂಧೀಜಿ, ಮದನಮೋಹನ ಮಾಳವೀಯರೊಡನೆ ಬಂದು ಗೋಪಾಲನೆಯ ಪಾಠ ಕೇಳಿದ್ದರು. ಮುಂದೆ ಅಮುಲ್ ಕಟ್ಟಿದ ವರ್ಗೀಸ್ ಕುರಿಯನ್ ಕೂಡ ಅಲ್ಲಿ ತರಬೇತಿ ಪಡೆದವರು. 1955ರಲ್ಲಿ ಅದರ ಕೇಂದ್ರ ಕರ್ನಾಲ್‌ಗೆ ಹೋದರೂ ಬೆಂಗಳೂರಿನ ಶಾಖೆ ಉಳಿದಿದೆ. ಹೆಬ್ಬಾಳದ ಡೇರಿ ವಿಜ್ಞಾನ ಕಾಲೇಜು, ಮೈಸೂರಿನ ಸಿಎಫ್‌ಟಿಆರ್‌ಐ, ಹಾಸನದಲ್ಲೇ ಇರುವ ಪಶುವೈದ್ಯಕೀಯ ಕಾಲೇಜು ಆಸಕ್ತರಿಗೆ ದೂರವಲ್ಲ.

ಶ್ರವಣಬೆಳಗೊಳದಲ್ಲಿ ಗುಳ್ಳಕಾಯಜ್ಜಿಯ ಕಥೆ ಎಲ್ಲರಿಗೂ ಗೊತ್ತು. ಚಾವುಂಡರಾಯ ಕೊಡಗಟ್ಟಲೆ ಹಾಲು ಸುರಿದರೂ ಗೊಮ್ಮಟನ ಪಾದಕ್ಕಿಳಿಯದ ಅಭಿಷೇಕ, ಅಜ್ಜಿಯೊಬ್ಬಳು ಗುಳ್ಳದ ಕಾಯಿಯಲ್ಲಿ ತಂದ ಅಷ್ಟೇ ಹಾಲಿನಿಂದ ಪೂರ್ತಿಯಾಯಿತಂತೆ. ವ್ಯಾಪಾರದಲ್ಲಿ ಪವಾಡ ನಡೆಯುವುದಿಲ್ಲ. ಆದರೆ ಸಣ್ಣ ಪಾತ್ರೆಯಿಂದ ಆರಂಭಿಸುವ ವಿವೇಕ ಅಲ್ಲಿಯೂ ಸಲ್ಲುತ್ತದೆ. ಜಮೀನು ಅಡವಿಟ್ಟು ಯಂತ್ರ ತರುವ ಮೊದಲು ಮನೆಯ ಹಾಲಿನಲ್ಲಿ 10 ಲೀಟರ್ ಎತ್ತಿಟ್ಟು, ಉಳಿದದ್ದನ್ನು ಎಂದಿನಂತೆ ಡೇರಿಗೆ ಹಾಕಿ, ಒಂದು ಥರ್ಮಾಮೀಟರು ಮತ್ತು ಒಂದು ನೋಟ್‌ಬುಕ್ಕಿನೊಡನೆ ಆರು ತಿಂಗಳು ಕಲಿಯಬಹುದು. ಎಷ್ಟು ಡಿಗ್ರಿ, ಎಷ್ಟು ಹೊತ್ತು, ಯಾವ ಹಸು, ಯಾವ ಮೇವು ಎಂದು ದಿನವೂ ಬರೆದಿಡಬೇಕು. ಈ ಅವಧಿಯಲ್ಲಿ ಹಾಳಾದರೆ ಹತ್ತು ಲೀಟರ್ ಹಾಲು ಹಾಳಾದೀತು, ಮನೆಯ ಬಟವಾಡೆ ನಿಲ್ಲದು. ಆಗ ಮಾಡಿದ್ದನ್ನು ಮಾರುವ ಅವಸರವೂ ಬೇಡ. ಗಿಣ್ಣದ ಹಾಲಿನಂತೆಯೇ ಅದನ್ನೂ ಮೊದಲು ಪಕ್ಕದ ಮನೆಗೆ ಕೊಟ್ಟು, ಅವರು ಮತ್ತೆ ಕೇಳುತ್ತಾರೆಯೇ ಎಂದು ನೋಡಬಹುದು.